ಕ್ರೂಸ್ ಹತ್ತುವ ಮೊದಲು ಹೆಸರು ಸರಿಮಾಡಿಕೊಳ್ಳಿ: ಕೊಡಗಿನ ಕುಟುಂಬಗಳಿಗೆ

ಹಡಗಿನ ಟಿಕೆಟ್‌ಗೆ ಹಣ ಕಟ್ಟಿ ಮುಗಿಸಿ, ಆಮೇಲೆ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ಬರುವವರೇ ನನ್ನ ಅಂಗಡಿಯಲ್ಲಿ ಹೆಚ್ಚು. ಈ ಕ್ರಮ ತಲೆಕೆಳಗು. ಮೊದಲು ಕಾಗದಪತ್ರ, ಆಮೇಲೆ ದಿನಾಂಕ, ಎಲ್ಲಕ್ಕಿಂತ ಕೊನೆಗೆ ಹಣ. ವಿರಾಜಪೇಟೆಯಲ್ಲಿ ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟುಕೊಂಡಿರುವ ನಾನು ದಿನವಿಡೀ ಜನರ ಆಧಾರ್, ಪ್ಯಾನ್, ಅಂಕಪಟ್ಟಿ, ಪಹಣಿಗಳ ನಡುವೆಯೇ ಇರುವವಳು. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರೇ ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಹೋಗಿ ಬಂದೆವು: ನಾನು, ಯಜಮಾನರು, ಅತ್ತೆ, ಹೈಸ್ಕೂಲಿನ ಮಗಳು, ಮೂರನೆಯ ತರಗತಿಯ ಮಗ. ಅಂದಿನಿಂದ ಕೌಂಟರಿನ ಮುಂದೆ ನಿಂತವರೆಲ್ಲ, ಹೀಗೆ ಹೋಗಿ ಬರಲು ಏನೇನು ಕಾಗದಪತ್ರ ಬೇಕು, ಏನೇನು ಮಾಡಬೇಕು ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಹೇಳಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಬರೆದಿಡುವುದು ಲೇಸು.

ಯಾವ ಹಡಗು, ಎಲ್ಲಿಂದ

ನವೆಂಬರ್ ಕಳೆದರೆ ಮಂಗಳೂರಿನ ಪಣಂಬೂರಿಗೆ ವಿದೇಶಿ ಪ್ರವಾಸಿ ಹಡಗು ಬಂದ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ‘ಹತ್ತಿರದಲ್ಲೇ ಇದೆಯಲ್ಲ, ಅಲ್ಲಿಂದಲೇ ಹತ್ತಿದರಾಯಿತು’ ಎನ್ನುವವರಿದ್ದಾರೆ. ಆ ಹಡಗುಗಳು ದೂರದ ಯಾನದ ನಡುವೆ ಹಗಲಿಗೆ ತಂಗುವಂಥವು. ಪ್ರವಾಸಿಗರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಪಿಲಿಕುಳ ತೋರಿಸಿಕೊಂಡು ಹೊರಟುಬಿಡುತ್ತವೆ. ನಮ್ಮಂಥವರು ಹತ್ತಬೇಕಾದ ಹಡಗು ಮುಂಬೈ, ಕೊಚ್ಚಿ, ಚೆನ್ನೈಗಳಲ್ಲಿ ಸಿಗುತ್ತದೆ, ಇಲ್ಲವೇ ಸಿಂಗಪುರದಲ್ಲಿ.

ಪಾಸ್‌ಪೋರ್ಟ್ ತಲೆನೋವೇ ಬೇಡ ಎನ್ನುವವರಿಗೆ ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹೋಗುವ ಹಡಗು ಸಾಕು. ದೇಶದೊಳಗಿನ ಯಾನವಾದ್ದರಿಂದ ಆಧಾರ್, ಮತದಾರರ ಗುರುತಿನ ಚೀಟಿಯಂಥ ಸರ್ಕಾರಿ ಗುರುತಿನ ಪತ್ರ ನಡೆಯುತ್ತದೆ. ಲಕ್ಷದ್ವೀಪಕ್ಕೆ ಮಾತ್ರ ನಮ್ಮ ದೇಶದವರೇ ಆದರೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಇಂದಿಗೂ ಜಾರಿಯಲ್ಲಿದೆ. ಹಡಗಿನ ಕಂಪನಿಯೇ ಸಾಮಾನ್ಯವಾಗಿ ಅದನ್ನು ಮಾಡಿಸುತ್ತದೆ, ಆದರೆ ಅವರು ಕೇಳಿದ ವಿವರವನ್ನು ಕೇಳಿದ ದಿನವೇ ಕಳುಹಿಸಬೇಕು. ಅಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ಹಡಗು ದ್ವೀಪದ ದಡಕ್ಕೆ ತಾಗುವುದಿಲ್ಲ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗೆ ಇಳಿಸುತ್ತಾರೆ. ಅಲೆಯ ಮೇಲೆ ಕುಣಿಯುವ ದೋಣಿಗೆ ಕಾಲಿಡುವುದು ಮೊಣಕಾಲು ನೋವಿರುವವರಿಗೆ ಆಗುವ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಕಡೆ ತಲೆ ಹಾಕುವುದೂ ಬೇಡ.

ನಾವು ಸಿಂಗಪುರ ಆರಿಸಿದ್ದು ಅತ್ತೆಯ ಮೊಣಕಾಲಿನ ಲೆಕ್ಕದಲ್ಲಿ. ಅಲ್ಲಿಂದ ಹೊರಡುವ ಸಣ್ಣ ಯಾನಗಳು ಮಲೇಷ್ಯಾದ ಪೋರ್ಟ್ ಕ್ಲಾಂಗ್, ಪೆನಾಂಗ್‌ಗಳಿಗೆ ಹೋಗುತ್ತವೆ. ಎರಡು ಕಡೆಯೂ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ, ಗಾಲಿಕುರ್ಚಿಯಲ್ಲೂ ಇಳಿಯಬಹುದು. ಥಾಯ್ಲೆಂಡ್‌ನ ಫುಕೆಟ್‌ವರೆಗೆ ಹೋಗುವ ಯಾನಗಳಲ್ಲಿ ಅನೇಕ ಬಾರಿ ಮತ್ತೆ ಅದೇ ಸಣ್ಣ ದೋಣಿ. ಬುಕ್ ಮಾಡುವಾಗ ‘ಯಾವ ಬಂದರಿನಲ್ಲಿ ಕಟ್ಟೆ, ಯಾವುದರಲ್ಲಿ ದೋಣಿ’ ಎಂದು ಏಜೆಂಟರನ್ನು ಕೇಳಿ. ತಿಳಿಯದೆ ತಡವರಿಸುವ ಏಜೆಂಟರಾದರೆ ಇನ್ನೊಬ್ಬರನ್ನು ಹುಡುಕಿ.

ಹೆಸರು ಎಂಬ ದೊಡ್ಡ ಕೆಲಸ

ಕೊಡಗಿನವರ ಕಾಗದಪತ್ರಗಳಲ್ಲಿ ತೊಡಕಾಗುವುದು ಹಣವಲ್ಲ, ಹೆಸರು. ಒಬ್ಬರೇ ಮನುಷ್ಯರು ಅಂಕಪಟ್ಟಿಯಲ್ಲಿ ಒಬ್ಬರು, ಆಧಾರ್‌ನಲ್ಲಿ ಇನ್ನೊಬ್ಬರು, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಮೂರನೆಯವರು. ಕೊಡವರಲ್ಲಿ ಮೊದಲು ಮನೆಹೆಸರಿನ ಅಕ್ಷರ, ಆಮೇಲೆ ತಂದೆಯ ಹೆಸರಿನ ಅಕ್ಷರ, ಕೊನೆಗೆ ಸ್ವಂತ ಹೆಸರು. ಕೇರಳದ ಗಡಿಯಾಚೆಯಿಂದ ಬಂದು ನೆಲೆಸಿದ ಎಷ್ಟೋ ಕುಟುಂಬಗಳಲ್ಲಿ ಹೆಸರಾದ ಮೇಲೆ ಇನಿಷಿಯಲ್. ತೋಟದ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಹಲವರಿಗೆ ಇನಿಷಿಯಲ್ಲೇ ಇಲ್ಲ, ಇರುವುದು ಒಂದೇ ಹೆಸರು. ಪಾಸ್‌ಪೋರ್ಟ್ ಅರ್ಜಿಯೋ ಇನಿಷಿಯಲ್ ಒಪ್ಪುವುದಿಲ್ಲ. ಎಲ್ಲವನ್ನೂ ಬಿಡಿಸಿ ಬರೆಯಬೇಕು, ಹೆಸರಿಗೊಂದು ಅಂಕಣ, ಮನೆಹೆಸರಿಗೆ ಇನ್ನೊಂದು.

ಒಂದು ಸಂಜೆ ಇದಕ್ಕೆಂದೇ ಮೀಸಲಿಡಿ. ಊಟದ ಮೇಜನ್ನು ಒರೆಸಿ ಒಣಗಿಸಿ, ಮನೆಯ ಒಬ್ಬೊಬ್ಬರ ಆಧಾರ್, ಪ್ಯಾನ್, ಹತ್ತನೆಯ ತರಗತಿಯ ಅಂಕಪಟ್ಟಿ, ಜನನ ಪ್ರಮಾಣಪತ್ರಗಳನ್ನು ಸಾಲಾಗಿ ಹರಡಿ. ಕೆಂಪು ಪೆನ್ಸಿಲ್ ಹಿಡಿದು, ಇಂಗ್ಲಿಷ್ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಓದಿ, ಒಬ್ಬರು ಓದುವಾಗ ಇನ್ನೊಬ್ಬರು ಗುರುತು ಹಾಕಲಿ. ಝೆರಾಕ್ಸ್ ಮೇಲೆ ಗುರುತು ಹಾಕಿ, ಮೂಲಪ್ರತಿಯ ಮೇಲಲ್ಲ. ಹೀಗೆ ಕುಳಿತಾಗ ಅತ್ತೆ ಮೂರು ರೂಪದಲ್ಲಿ ಹೊರಬಂದರು. ಆಧಾರ್‌ನಲ್ಲಿ ಪೂವಮ್ಮ, ಹಳೆಯ ಪಡಿತರ ಚೀಟಿಯಲ್ಲಿ ಪೂವವ್ವ, ಬ್ಯಾಂಕಿನಲ್ಲಿ ಪೂವಮ್ಮನೇ ಆದರೂ ಎರಡು ‘ಓ’ ಇರಬೇಕಾದ ಕಡೆ ‘ಯು’. ‘ಎಲ್ಲವೂ ನಾನೇ ತಾನೆ?’ ಎಂದರು ಅತ್ತೆ. ನಮಗೆ ಅವರೇ, ಕಂಪ್ಯೂಟರಿಗೆ ಮೂವರು.

ಹಾಗಾದರೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು? ಮಕ್ಕಳಿಗೆ ಜನನ ಪ್ರಮಾಣಪತ್ರ, ಓದಿದ ದೊಡ್ಡವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ದಾಖಲೆ ಇಲ್ಲದ ಹಿರಿಯರಿಗೆ ಆಧಾರ್. ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು, ಆದ್ದರಿಂದ ಆಧಾರ್ ಕೇಂದ್ರದಲ್ಲಿ ಪರದೆಯ ಮೇಲೆ ಮೂಡಿದ ಅಕ್ಷರಗಳನ್ನು ಪೂರ್ತಿ ಓದದೆ ಸರಿ ಎಂದು ತಲೆಯಾಡಿಸಬೇಡಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮನೆಹೆಸರಿನ ಅಂಕಣವನ್ನು ಖಾಲಿ ಬಿಡುವುದೂ ಬೇಡ. ಒಂದೇ ಹೆಸರಿರುವ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಸಂಯುಕ್ತ ಅರಬ್ ಸಂಸ್ಥಾನ 2022ರಲ್ಲಿ ಹೇಳಿತು. ಮುಂದೆ ದುಬೈಗೆ ಹೋಗುವ ಮನಸ್ಸಾದರೆ ಆಗ ಮತ್ತೆ ಓಡಾಟ ಶುರು.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಬೇರೆ. ಮದುವೆಯಾದ ಮೇಲೆ ಮನೆಹೆಸರು ಬದಲಾಯಿತು, ಅಂಕಪಟ್ಟಿಯಲ್ಲಿ ತವರಿನದು, ಆಧಾರ್‌ನಲ್ಲಿ ಗಂಡನ ಮನೆಯದು, ಏನು ಮಾಡಲಿ? ಬದಲಿಸಲೇಬೇಕೆಂಬ ಕಾನೂನಿಲ್ಲ. ಬದಲಿಸುವುದಾದರೆ ಉಪನೋಂದಣಿ ಕಚೇರಿಯ ವಿವಾಹ ನೋಂದಣಿ ಪ್ರಮಾಣಪತ್ರ ಕೈಯಲ್ಲಿರಲಿ, ಮದುವೆಯ ಆಮಂತ್ರಣ ಪತ್ರಿಕೆ ಸಾಲದು. ನನ್ನ ಪಾಸ್‌ಪೋರ್ಟ್‌ನಲ್ಲಿ ಇಂದಿಗೂ ತವರಿನ ಮನೆಹೆಸರೇ ಇದೆ, ಮಕ್ಕಳದ್ದು ಅವರಪ್ಪನದು. ಮಕ್ಕಳ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರು ಅಚ್ಚಾಗಿತ್ತು, ಜನನ ಪ್ರಮಾಣಪತ್ರದ ಪ್ರತಿಯೂ ಚೀಲದಲ್ಲಿತ್ತು. ಎಲ್ಲೂ ಯಾರೂ ತಡೆಯಲಿಲ್ಲ.

ಪಾಸ್‌ಪೋರ್ಟ್ ಅರ್ಜಿ

ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಖುದ್ದಾಗಿ ಹೋಗಬೇಕು. ನಮ್ಮ ಕಡೆಯವರಿಗೆ ಮೈಸೂರು ಅನುಕೂಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಆರಂಭವಾದ ಊರುಗಳಲ್ಲಿ ಮೈಸೂರೂ ಒಂದು. ಅಲ್ಲಿ ದಿನ ಸಿಗದಿದ್ದರೆ ಮಂಗಳೂರು, ಬೆಂಗಳೂರುಗಳನ್ನೂ ಆರಿಸಿಕೊಳ್ಳಬಹುದು. 36 ಪುಟಗಳ ಪುಸ್ತಕಕ್ಕೆ ದೊಡ್ಡವರಿಗೆ ₹1,500, ಅಪ್ರಾಪ್ತ ಮಕ್ಕಳಿಗೆ ₹1,000. ಎಂಟು ವರ್ಷದೊಳಗಿನವರಿಗೂ 60 ದಾಟಿದವರಿಗೂ ಹೊಸ ಪಾಸ್‌ಪೋರ್ಟ್‌ನಲ್ಲಿ ಶೇ 10ರಷ್ಟು ರಿಯಾಯಿತಿ. ತತ್ಕಾಲ್ ಬೇಕೆಂದರೆ ಮೇಲೆ ₹2,000. ಶುಲ್ಕವನ್ನು ಸರ್ಕಾರಿ ತಾಣದಲ್ಲಿ ಮಾತ್ರ ಕಟ್ಟಿ. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ, ಅವಕ್ಕೆ ಹಣ ಕೊಟ್ಟು ಬಂದವರ ಕಣ್ಣೀರನ್ನು ನಾನು ಕಂಡಿದ್ದೇನೆ.

2023ರ ಅಕ್ಟೋಬರ್ 1 ಅಥವಾ ಆ ನಂತರ ಹುಟ್ಟಿದ ಮಗುವಾದರೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ದಕ್ಷಿಣ ಕೊಡಗಿನ ಎಷ್ಟೋ ಮಕ್ಕಳು ಹುಟ್ಟುವುದು ಮೈಸೂರಿನಲ್ಲಿ, ಇಲ್ಲವೇ ಗಡಿ ದಾಟಿ ಕಣ್ಣೂರು, ತಲಶ್ಶೇರಿಗಳಲ್ಲಿ. ಪ್ರಮಾಣಪತ್ರ ಸಿಗುವುದು ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲಿ, ಇಲ್ಲಿನ ಪುರಸಭೆಯಲ್ಲಿ ಅಲ್ಲ. ಅದರಲ್ಲಿ ಮಗುವಿನ ಹೆಸರೇ ಬರೆಸಿರದಿದ್ದರೆ ಮೊದಲು ಹೆಸರು ಸೇರಿಸಿಕೊಂಡು ಬನ್ನಿ. ಅಪ್ರಾಪ್ತರ ಅರ್ಜಿಯ ಜೊತೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಎಂಬ ಒಪ್ಪಿಗೆಯ ಘೋಷಣಾಪತ್ರ ಇರಬೇಕು. ನಾಲ್ಕು ವರ್ಷದೊಳಗಿನ ಮಗುವಿನ ಫೋಟೊವನ್ನು ಕೇಂದ್ರದಲ್ಲಿ ತೆಗೆಯುವುದಿಲ್ಲ, ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯುವುದು. ಅಣ್ಣನ ಮಕ್ಕಳೊಂದಿಗೆ ಗಲ್ಫ್‌ಗೆ ಹೋಗಿ ಬಂದಾಗ ಮಾಡಿಸಿದ್ದು ಇದೆಯಲ್ಲ ಎಂದುಕೊಳ್ಳುವ ಮೊದಲು ಕೊನೆಯ ದಿನಾಂಕ ನೋಡಿ.

ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟ್‌ಗೆ ಇಸಿಆರ್, ಅಂದರೆ ‘ವಲಸೆ ಪರಿಶೀಲನೆ ಅಗತ್ಯ’ ಎಂಬ ಮುದ್ರೆ ಬೀಳುತ್ತದೆ. ಆ ಮುದ್ರೆ ಅನ್ವಯಿಸುವ 18 ದೇಶಗಳಲ್ಲಿ ಮಲೇಷ್ಯಾ, ಥಾಯ್ಲೆಂಡ್ ಎರಡೂ ಇವೆ. ಹೆದರಬೇಕಾಗಿಲ್ಲ, ಅದು ಕೆಲಸಕ್ಕೆ ಹೋಗುವವರ ರಕ್ಷಣೆಗೆ ಇರುವ ನಿಯಮ, ಪ್ರವಾಸಕ್ಕೆ ಅಡ್ಡಿಯಲ್ಲ. 50 ದಾಟಿದವರಿಗೆ ಆ ಮುದ್ರೆಯೇ ಬೇಡ, ಆದ್ದರಿಂದ ಅತ್ತೆಯ ಅರ್ಜಿಯಲ್ಲಿ ವಿನಾಯಿತಿ ಕೇಳಿದೆವು. ಆದಾಯ ತೆರಿಗೆ ಕಟ್ಟುವವರಿಗೂ ವಿನಾಯಿತಿಯಿದೆ, ಕೃಷಿ ಆದಾಯ ತೆರಿಗೆಯೂ ಇದರಲ್ಲಿ ಸೇರುತ್ತದೆ. ಬೆಳೆಗಾರರು ಈ ಅಂಶವನ್ನು ನೆನಪಿಟ್ಟುಕೊಳ್ಳಿ.

ಪೊಲೀಸ್ ಪರಿಶೀಲನೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅದರದೇ ಕಷ್ಟಗಳಿವೆ. ಠಾಣೆಯಿಂದ ಕರೆ ಬರುವ ಹೊತ್ತಿಗೆ ತೋಟದೊಳಗೆ ಸಿಗ್ನಲ್ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅರ್ಜಿಯಲ್ಲಿ ಪೇಟೆಯಲ್ಲಿ ಕೆಲಸ ಮಾಡುವ ಮನೆಯವರೊಬ್ಬರ ಸಂಖ್ಯೆ ಕೊಡಿ. ಮಕ್ಕಳ ಓದಿಗೆಂದು ಮೈಸೂರಿನಲ್ಲಿ ಮನೆ ಮಾಡಿರುವವರು, ನಿಜವಾಗಿ ಈಗ ವಾಸವಿರುವ ವಿಳಾಸವನ್ನೇ ಬರೆಯಿರಿ. ಊರಿನ ಮೇಲಿನ ಪ್ರೀತಿಗೆ ತೋಟದ ವಿಳಾಸ ಕೊಟ್ಟರೆ, ಪೊಲೀಸರು ಬಂದಾಗ ಸಿಗುವುದು ನಾಯಿ ಮಾತ್ರ. ವರದಿ ಪ್ರತಿಕೂಲವಾದರೆ ಸರಿಪಡಿಸಲು ಅಲೆಯುವುದು ತಪ್ಪದು.

ಪಾಸ್‌ಪೋರ್ಟ್ ಈಗಾಗಲೇ ಇರುವವರು ಬೀರುವಿನಿಂದ ತೆಗೆದು ಬೆಳಕಿನಲ್ಲಿ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಬರುವಾಗ ಪಾಸ್‌ಪೋರ್ಟ್ ಹೇಗೆ ಉಳಿದೀತು? ಮೊನ್ನೆ ಒಬ್ಬರು ತಂದದ್ದರ ಹೊದಿಕೆಯ ಮೇಲೆ ಬಿಳಿ ಪುಡಿ, ಒಳಗೆ ಎರಡು ಪುಟಗಳು ಅಂಟಿಕೊಂಡಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಿಂದ ಫೋಟೊ ಪುಟದ ಪ್ಲಾಸ್ಟಿಕ್ ಹಾಳೆ ಮೂಲೆಯಲ್ಲಿ ಎದ್ದಿತ್ತು. ಅಂಥದನ್ನು ವಲಸೆ ಅಧಿಕಾರಿ ತಿರಸ್ಕರಿಸಬಹುದು, ಹಾಳಾದ ಪಾಸ್‌ಪೋರ್ಟ್ ಎಂದು ನಮೂದಿಸಿ ಮರುವಿತರಣೆಗೆ ಅರ್ಜಿ ಹಾಕುವುದೇ ದಾರಿ. ಬೂಷ್ಟು ಸ್ವಲ್ಪವೇ ಇದ್ದರೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಅವಧಿಯ ಲೆಕ್ಕವನ್ನು ಹಡಗು ಹತ್ತುವ ದಿನದಿಂದ ಹಾಕಬೇಡಿ, ಮರಳಿ ಮನೆಗೆ ಬರುವ ದಿನದಿಂದ ಹಾಕಿ. ಅಂದಿನಿಂದ ಮುಂದೆ ಆರು ತಿಂಗಳಾದರೂ ಉಳಿದಿರಬೇಕು, ಖಾಲಿ ಪುಟಗಳು ಎರಡಾದರೂ ಇರಬೇಕು.

ವೀಸಾ: ಒಂದಲ್ಲ, ಎರಡು ಪ್ರವೇಶ

ವಿಮಾನದಲ್ಲಿ ಸಿಂಗಪುರಕ್ಕೆ ಇಳಿದಾಗ ಒಂದು ಪ್ರವೇಶ. ಹಡಗು ಮಲೇಷ್ಯಾ ಸುತ್ತಿ ಮರಳಿ ಸಿಂಗಪುರದ ಕಟ್ಟೆಗೆ ಬಂದಾಗ ಇನ್ನೊಂದು. ನಡುವೆ ನೀವು ಆ ದೇಶವನ್ನು ಬಿಟ್ಟು ಹೋಗಿದ್ದೀರಿ, ಕೋಣೆಯಿಂದ ಹೊರಗೆ ಕಾಲಿಡದಿದ್ದರೂ ಲೆಕ್ಕ ಅದೇ. ಒಂದೇ ಪ್ರವೇಶದ ವೀಸಾ ಇರುವವರನ್ನು ಹಡಗಿನ ಕಂಪನಿ ಹತ್ತಿಸಿಕೊಳ್ಳುವುದೇ ಇಲ್ಲ. ಸಿಂಗಪುರದ ವೀಸಾ ಭಾರತೀಯರಿಗೆ ಸಾಮಾನ್ಯವಾಗಿ ಬಹುಪ್ರವೇಶದ್ದೇ ಸಿಗುತ್ತದೆ. ಆದರೂ ಕೈಗೆ ಬಂದ ಇ-ವೀಸಾದ ಹಾಳೆಯಲ್ಲಿ ಆ ಸಾಲನ್ನು ಹುಡುಕಿ ಓದಿ, ಮಕ್ಕಳ ಹಾಳೆಗಳಲ್ಲೂ ಓದಿ. ಅರ್ಜಿಯನ್ನು ಅಧಿಕೃತ ಏಜೆಂಟರ ಮೂಲಕ ಹಾಕಬೇಕು. ಫೋಟೊ ಬಿಳಿ ಹಿನ್ನೆಲೆಯದು, ಇತ್ತೀಚಿನದು, 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ.

ಹಡಗು ನಿಲ್ಲುವ ಪ್ರತಿ ದೇಶದ ನಿಯಮವೂ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ಅನ್ವಯ. ‘ನಾವು ಅಲ್ಲಿ ಇಳಿಯುವುದಿಲ್ಲ, ವೀಸಾ ಯಾಕೆ’ ಎಂಬ ವಾದ ಕೌಂಟರಿನಲ್ಲಿ ನಡೆಯದು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ವಿನಾಯಿತಿ ಕೊಡುತ್ತಾ ಬಂದಿದೆ. ಇಂಥ ವಿನಾಯಿತಿಗಳು ಅವಧಿಗೆ ಕಟ್ಟುಬಿದ್ದವು, ಆದ್ದರಿಂದ ಟಿಕೆಟ್ ಕೊಳ್ಳುವ ವಾರ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆಯಾ ದೇಶದ ವಲಸೆ ಇಲಾಖೆಯ ತಾಣ ನೋಡಬೇಕು.

ವೀಸಾದ ಜೊತೆಗೆ ಡಿಜಿಟಲ್ ಆಗಮನ ಕಾರ್ಡ್ ಎಂಬ ಇನ್ನೊಂದು ಶಾಸ್ತ್ರವಿದೆ. ಸಿಂಗಪುರದ್ದನ್ನು ತಲುಪುವ ದಿನವೂ ಸೇರಿ ಮೂರು ದಿನಗಳ ಒಳಗೆ ತುಂಬಬೇಕು, ಅದಕ್ಕಿಂತ ಮೊದಲು ಆಗದು. ಹಡಗಿನಿಂದ ಮರಳಿ ಇಳಿಯುವಾಗ ಮತ್ತೆ ತುಂಬಬೇಕು. ಮಲೇಷ್ಯಾಕ್ಕೂ, 2025ರ ಮೇ 1ರಿಂದ ಥಾಯ್ಲೆಂಡ್‌ಗೂ ಇದೇ ಬಗೆಯದು ಇದೆ. ಎಲ್ಲವೂ ಉಚಿತ, ಹಣ ಕೇಳುವ ತಾಣ ಕಂಡರೆ ಮುಚ್ಚಿಬಿಡಿ.

ಅಜ್ಜಿ ತಾತನ ಜೊತೆ ಮೊಮ್ಮಕ್ಕಳನ್ನು ಮಾತ್ರ ಕಳುಹಿಸುವುದಾದರೆ, ಅಥವಾ ತಂದೆ ತಾಯಿಯಲ್ಲಿ ಒಬ್ಬರೇ ಹೋಗುವುದಾದರೆ, ಉಳಿದವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಒಯ್ಯಿರಿ. ಆರು ತಿಂಗಳು ತುಂಬದ ಕೂಸನ್ನು ಹೆಚ್ಚಿನ ಹಡಗುಗಳು ಹತ್ತಿಸುವುದಿಲ್ಲ. ಯಾನ ಮುಗಿಯುವ ಮೊದಲು 24ನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನೂ ಅಷ್ಟೇ.

ದಿನಾಂಕ, ಕೋಣೆ, ಹಣ

ಕಾಫಿ ಮನೆಯವರಿಗೆ ವರ್ಷದಲ್ಲಿ ಬಿಡುವಿರುವುದು ಬೆರಳೆಣಿಕೆಯ ವಾರಗಳು. ಅರೇಬಿಕಾ ಕೊಯ್ಲು, ಹುತ್ತರಿ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು, ಒಣಗಿಸುವುದು, ಮಾರ್ಚ್ ಸುಮಾರಿಗೆ ಹೂಮಳೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವುದು. ಇದೆಲ್ಲ ಮುಗಿದು ಜೂನ್ ಮಳೆಗೆ ಮುಂಚೆ ಏಪ್ರಿಲ್ ಕೊನೆ, ಮೇ ತಿಂಗಳು ಸಿಗುತ್ತದೆ. ಮಕ್ಕಳಿಗೂ ರಜೆ. ಹಾಗಾದರೆ ಕಾಗದದ ಕೆಲಸ ಹುತ್ತರಿಯ ಹೊತ್ತಿಗೇ ಶುರುವಾಗಬೇಕು. ಹೆಸರು ತಿದ್ದಿಸಲು ಒಂದು ತಿಂಗಳು, ಪಾಸ್‌ಪೋರ್ಟ್‌ಗೆ ಇನ್ನೊಂದು, ತಿದ್ದುಪಡಿ ತಿರುಗಿ ಬಂದರೆಂದು ಮತ್ತೊಂದು ಇಟ್ಟುಕೊಳ್ಳಿ.

ದರವನ್ನು ತಲೆಗೆ ಇಷ್ಟು ಎಂದು ತೋರಿಸುತ್ತಾರೆ, ಅದು ಕೋಣೆಯಲ್ಲಿ ಇಬ್ಬರಿದ್ದಾಗಿನ ಲೆಕ್ಕ. ಬಂದರು ಶುಲ್ಕ, ತೆರಿಗೆ ಬೇರೆ. ಸಿಬ್ಬಂದಿಯ ಭಕ್ಷೀಸನ್ನು ದಿನಕ್ಕೆ ತಲೆಗಿಷ್ಟು ಎಂದು ನಿಮ್ಮ ಖಾತೆಗೆ ತಾವಾಗಿಯೇ ಹಾಕುತ್ತಾರೆ, ನಾಲ್ಕು ವರ್ಷದ ಮಗುವಿಗೂ. ಪೂರ್ತಿ ಮೊತ್ತ ಎಷ್ಟು ಎಂದು ಬರಹದಲ್ಲಿ ಕೇಳಿ. ಕಿಟಕಿಯಿಲ್ಲದ ಒಳಗಿನ ಕೋಣೆ ಅಗ್ಗ, ಬಾಲ್ಕನಿಯದು ದುಬಾರಿ. ದಿನವಿಡೀ ಹೊರಗೆ ತಿರುಗುವ ಮಕ್ಕಳಿಗೆ ಬಾಲ್ಕನಿ ದಂಡ, ಕೋಣೆಯಲ್ಲಿ ಕುಳಿತುಕೊಳ್ಳುವ ಹಿರಿಯರಿಗೆ ಅದೇ ಎಲ್ಲ. ನಾವು ಅತ್ತೆಗೂ ಮಗಳಿಗೂ ಬಾಲ್ಕನಿ ಕೊಟ್ಟು ಎದುರಿನ ಒಳಕೋಣೆ ಹಿಡಿದೆವು. ಹೊಟ್ಟೆ ತೊಳೆಸುವವರಿದ್ದರೆ ಹಡಗಿನ ನಡುಭಾಗದ ಕೆಳ ಅಂತಸ್ತು ಒಳ್ಳೆಯದು, ಅಲ್ಲಿ ಓಲಾಟ ಕಡಿಮೆ. ಮಾಕುಟ್ಟ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ನನ್ನ ಮಗ ಹಡಗಿನಲ್ಲಿ ಆರಾಮವಾಗಿದ್ದ ಎಂಬುದು ಬೇರೆ ಮಾತು, ಮಾತ್ರೆಯಂತೂ ವೈದ್ಯರನ್ನು ಕೇಳಿ ಒಯ್ದಿದ್ದೆವು.

ಟಿಕೆಟ್‌ನಲ್ಲಿ ಹೆಸರು ಬರೆಸುವಾಗ ಪಾಸ್‌ಪೋರ್ಟ್‌ನ ಫೋಟೊ ಪುಟದ ಕೆಳಗಿರುವ, ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲು ನೋಡಿ. ಅಲ್ಲಿ ದೇಶದ ಸಂಕೇತವಾದ ಮೇಲೆ ಮನೆಹೆಸರು, ಎರಡು ಬಾಣ ದಾಟಿದರೆ ಸ್ವಂತ ಹೆಸರು. ಯಂತ್ರ ಓದುವುದು ಅದನ್ನೇ. ವಿಮಾನ, ಹಡಗು, ವಿಮೆ ಮೂರರಲ್ಲೂ ಅದೇ ಕಾಗುಣಿತ ಇರಲಿ.

ವಿಮೆ ಕೊಳ್ಳುವಾಗ ಕ್ರೂಸ್ ಯಾನಕ್ಕೆ ಅನ್ವಯಿಸುತ್ತದೆಯೇ, ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಕೇಳಿ. ಹಡಗಿನಲ್ಲಿ ವೈದ್ಯರಿದ್ದಾರೆ, ಧರ್ಮಕ್ಕಲ್ಲ, ಬಿಲ್ ಡಾಲರಿನಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಯಿರಿ, ಮುಚ್ಚಿಟ್ಟರೆ ವಿಮಾ ಕಂಪನಿಗೆ ಕೈತೊಳೆದುಕೊಳ್ಳಲು ಅಷ್ಟೇ ಸಾಕು. ಬ್ಯಾಂಕಿನ ಆಪ್‌ನಲ್ಲಿ ಕಾರ್ಡ್‌ನ ಅಂತರರಾಷ್ಟ್ರೀಯ ಬಳಕೆಯನ್ನು ಮನೆಯಲ್ಲಿ ಸಿಗ್ನಲ್ ಇರುವಾಗಲೇ ತೆರೆದಿಡಿ.

ಪೆಟ್ಟಿಗೆಯಲ್ಲಿ ಏನು ಬೇಡ

ಹಡಗಿನಲ್ಲಿ ಒಂದು ರಾತ್ರಿ ಚೆನ್ನಾಗಿ ಉಡುಪು ಧರಿಸಿ ಊಟಕ್ಕೆ ಬರುವ ಪದ್ಧತಿ ಇರುತ್ತದೆ. ಯಜಮಾನರು ಕೊಡವರ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು ಹೋದರು, ಫೋಟೊ ಕೇಳಿದವರ ಸಾಲೇ ನಿಂತಿತು. ಆದರೆ ಪೀಚೆಕತ್ತಿ ಮನೆಯಲ್ಲೇ ಉಳಿಯಿತು. ನಮ್ಮವರಿಗೆ ಇಲ್ಲಿ ಬಂದೂಕಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಇರಬಹುದು, ಬಂದರಿನ ಎಕ್ಸ್‌ರೇ ಯಂತ್ರಕ್ಕೆ ಅದು ಗೊತ್ತಿಲ್ಲ. ಅಲಂಕಾರದ ಕತ್ತಿ ಎಂದು ಹೇಳಿದರೂ ತೆಗೆದಿಡುತ್ತಾರೆ.

ಹಂದಿ ಉಪ್ಪಿನಕಾಯಿ, ಒಣಮಾಂಸ ಬೇಡ. ಮಾಂಸದ ವಿಷಯದಲ್ಲಿ ಸಿಂಗಪುರ ಕಟ್ಟುನಿಟ್ಟು. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿನವರೂ ಒಳಗೆ ಬಿಡುವುದಿಲ್ಲ, ಮುಚ್ಚಳ ಒಡೆಯದ ಅಂಗಡಿಯ ತಿಂಡಿ ಪೊಟ್ಟಣ ನಡೆಯುತ್ತದೆ. ಮನೆ ವೈನ್ ಸಹ ಬೇಡ. ನಮ್ಮ ಹುಳಿರಸ ಕಾಚಂಪುಳಿಯನ್ನು ಯಾರಿಗಾದರೂ ಕೊಡಲೇಬೇಕೆಂದಿದ್ದರೆ ವಿಮಾನದ ಕೈಚೀಲದಲ್ಲಿ ಇಡಬೇಡಿ, 100 ಮಿ.ಲೀ. ದಾಟಿದ ದ್ರವ ಬುಟ್ಟಿಗೆ ಬೀಳುತ್ತದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರಿಗೆ ಈಗಲೇ ಹೇಳಿಡಿ, ಜಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ. ಅತ್ತೆಗೆ ಈ ಒಂದು ನಿಯಮವನ್ನು ಒಪ್ಪಿಸಲು ವೀಸಾ ಮಾಡಿಸಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಇಸ್ತ್ರಿ ಪೆಟ್ಟಿಗೆ, ಕಾಫಿ ಕಾಯಿಸುವ ಯಂತ್ರ ಹಡಗಿನಲ್ಲಿ ನಿಷಿದ್ಧ. ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ನಿದ್ರೆ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧ ಇದ್ದರೆ ಸಿಂಗಪುರದ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕೇ ಎಂದು ಮೊದಲೇ ನೋಡಿ.

ಹೊರಡುವುದು, ಹತ್ತುವುದು, ಇಳಿಯುವುದು

ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿರಾಜಪೇಟೆಯವರಿಗೆ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ ಹತ್ತಿರವಾದರೂ ಸಿಂಗಪುರಕ್ಕೆ ಬೆಂಗಳೂರು ಅಥವಾ ಕೊಚ್ಚಿಯೇ ದಾರಿ. ಹಡಗು ಹೊರಡುವ ಹಿಂದಿನ ದಿನವೇ ಸಿಂಗಪುರದಲ್ಲಿರಿ. ತಿತಿಮತಿ ದಾಟುವಾಗ ಆನೆ ರಸ್ತೆಗೆ ಬಂದು ನಿಂತರೆ, ಬೆಂಗಳೂರಿನ ಹೊರವಲಯದಲ್ಲಿ ವಾಹನಗಳ ಸಾಲು ಸಿಕ್ಕಿಕೊಂಡರೆ ಹಡಗು ಕಾಯುವುದಿಲ್ಲ. ವಿಮಾನ ತಪ್ಪಿದರೆ ಮುಂದಿನದು ಸಿಗುತ್ತದೆ, ಹಡಗು ತಪ್ಪಿದರೆ ಹಣ ಹೋಯಿತು. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಡಿ.

ಬಂದರಿನಲ್ಲಿ ಹಡಗು ಹೊರಡುವ ಒಂದರಿಂದ ಒಂದೂವರೆ ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ. ದೊಡ್ಡ ಪೆಟ್ಟಿಗೆಗಳಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಕೊಟ್ಟರೆ ಅವು ಕೋಣೆಗೆ ಬರಲು ಸಂಜೆಯಾಗಬಹುದು. ಪಾಸ್‌ಪೋರ್ಟ್, ವೀಸಾ ಹಾಳೆ, ಔಷಧ, ಮಕ್ಕಳಿಗೊಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಏಷ್ಯಾದ ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು ಕೊನೆಯ ದಿನ ಹಿಂದಿರುಗಿಸುತ್ತಾರೆ. ಗಾಬರಿ ಬೇಡ, ರಸೀದಿ ಅಥವಾ ಕೋಣೆಯ ಕಾರ್ಡ್ ಜೋಪಾನ ಮಾಡಿ. ಬಂದರುಗಳಲ್ಲಿ ಇಳಿಯುವಾಗ ತೋರಿಸಲು ಪ್ರತಿಯೊಬ್ಬರಿಗೂ ಎರಡೆರಡು ಝೆರಾಕ್ಸ್ ಬೇಕೇ ಬೇಕು. ಇದನ್ನು ಝೆರಾಕ್ಸ್ ಅಂಗಡಿಯವಳು ಹೇಳುತ್ತಿದ್ದಾಳೆ ಎಂದು ನಗಬೇಡಿ.

ಹೊರಡುವ ಮೊದಲು ಸುರಕ್ಷತಾ ಅಭ್ಯಾಸ ಕಡ್ಡಾಯ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತ ಮೇಲೆ ಈ ನಿಯಮ ಬಿಗಿಯಾಯಿತು. ನಿಮ್ಮ ಸೇರುವ ಜಾಗದ ಸಂಖ್ಯೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಫೋನನ್ನು ವಿಮಾನದ ಸ್ಥಿತಿಯಲ್ಲಿಡಿ, ನಡುಸಮುದ್ರದಲ್ಲಿ ಹಡಗಿನ ನೆಟ್‌ವರ್ಕ್ ಹಿಡಿದರೆ ಬರುವ ಬಿಲ್ ನೋಡಿ ಕಾಫಿ ಮಾರಿದ ಸಂತೋಷ ಇಳಿದುಹೋಗುತ್ತದೆ.

ಪೆನಾಂಗ್‌ನಲ್ಲಿ ಕಟ್ಟೆಯಿಂದ ನಡೆದೇ ಜಾರ್ಜ್‌ಟೌನ್‌ಗೆ ಹೋಗಬಹುದು, 2008ರಿಂದ ಅದು ಯುನೆಸ್ಕೊ ಪಾರಂಪರಿಕ ಪಟ್ಟಣ. ಲಿಟ್ಲ್ ಇಂಡಿಯಾದಲ್ಲಿ ಅತ್ತೆಗೆ ಇಡ್ಲಿ ಸಿಕ್ಕಿತು. ಎಲ್ಲಿಗೆ ಹೋದರೂ ಮರಳುವ ಗಂಟೆ ಹಡಗಿನ ಸಮಯದ ಪ್ರಕಾರ, ಊರಿನ ಗಡಿಯಾರದ ಪ್ರಕಾರವಲ್ಲ. ಎರಡರ ನಡುವೆ ವ್ಯತ್ಯಾಸ ಇರಬಹುದು, ಇಳಿಯುವ ಬಾಗಿಲಲ್ಲಿ ಬರೆದಿರುತ್ತಾರೆ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಬೇಕು. ಮರುದಿನದ ಬಟ್ಟೆಯನ್ನೂ ಮಾತ್ರೆಗಳನ್ನೂ ಅದರೊಳಗೆ ತುಂಬಿಬಿಟ್ಟರೆ ಬೆಳಿಗ್ಗೆ ರಾತ್ರಿಯ ಉಡುಪಿನಲ್ಲೇ ವಲಸೆ ಸಾಲಿನಲ್ಲಿ ನಿಲ್ಲಬೇಕಾದೀತು. ಖಾತೆಯ ಬಿಲ್ ಅಂದೇ ಓದಿ, ತಕರಾರಿದ್ದರೆ ಇಳಿಯುವ ಮೊದಲೇ ಎತ್ತಿ. ಊರಿಗೆ ಮರಳುವ ವಿಮಾನ ಮಧ್ಯಾಹ್ನದ ಮೇಲಿನದಿರಲಿ.

ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಏಜೆಂಟರು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ ಎಂದು ಒಂದಿಷ್ಟು ಹಿಡಿದಿರುತ್ತಾರೆ. ಅದು ಯಾರ ಪ್ಯಾನ್ ಸಂಖ್ಯೆಯ ಮೇಲೆ ಬುಕ್ ಮಾಡಿದ್ದೀರೋ ಅವರ ಖಾತೆಗೆ ಜಮೆಯಾಗುತ್ತದೆ, ಆದ್ದರಿಂದ ಮನೆಯಲ್ಲಿ ರಿಟರ್ನ್ ಸಲ್ಲಿಸುವವರ ಹೆಸರಿನಲ್ಲೇ ಬುಕ್ ಮಾಡಿ. ಊರಿಗೆ ಬಂದ ಮೇಲೆ ಆದಾಯ ತೆರಿಗೆ ತಾಣದಲ್ಲಿ 26ಎಎಸ್ ಎಂಬ ತೆರಿಗೆ ಜಮೆಯ ಪಟ್ಟಿ ತೆರೆದು ಆ ಮೊತ್ತ ಬಂದಿದೆಯೇ ನೋಡಿ, ಬಂದಿರದಿದ್ದರೆ ರಸೀದಿ ಹಿಡಿದು ಏಜೆಂಟರ ಬೆನ್ನು ಹತ್ತಿ.